ಕೆರೆಯ ದಡದ ಮನೆ ಮತ್ತು ನಮ್ಮ ಬೆವರಿನ ಹಣ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ತರಗತಿಯವರೆಗೆ ಓದಿ, ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವನು. ಪಂಡಿತರಂತೆ ಮಾತನಾಡಲು ನನಗೆ ಬಾರದು. ಆದರೆ ಈಚೆಗೆ ನಮ್ಮ ಸದಸ್ಯರು ಸಂಘದ ಕಚೇರಿಗೆ ತರುತ್ತಿರುವ ಕೆಲವು ಬಣ್ಣದ ಕಾಗದಗಳ ವಿಷಯದಲ್ಲಿ ನಾಲ್ಕು ಮಾತು ಆಡಲೇಬೇಕಾಗಿದೆ.

ಆ ಕಾಗದಗಳಲ್ಲಿ ನೀಲಿ ನೀರು, ನೀರಿನ ಅಂಚಿನಲ್ಲಿ ಕೆಂಪು ಹಂಚಿನ ಪುಟ್ಟ ಮನೆ, ಮನೆಯ ಮುಂದೆ ಉಯ್ಯಾಲೆ. 'ಗಂಗಾಪುರ ಅಣೆಕಟ್ಟಿನ ಹಿನ್ನೀರಿನಲ್ಲಿ ನಿಮ್ಮದೇ ವಿಶ್ರಾಂತಿ ಮನೆ', 'ಪೈಠಣದ ನಾಥಸಾಗರದ ದಡದಲ್ಲಿ ಒಂದು ಗುಂಟೆ, ಸುಲಭ ಕಂತು' ಎಂದು ಬರೆದಿರುತ್ತಾರೆ. ಭಾನುವಾರ ಪುಕ್ಕಟೆ ಬಸ್ಸು, ಪುಕ್ಕಟೆ ಊಟ. ಸಮೃದ್ಧಿ ಮಹಾಮಾರ್ಗ 2025ರ ಜೂನಿನಲ್ಲಿ ಪೂರ್ತಿ ತೆರೆಯಿತು, ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳ, ಇನ್ನು ಬೆಲೆ ಏರುವುದೇ ಏರುವುದು ಎಂದು ದಲಾಲಿಗಳು ಹೇಳುತ್ತಾರೆ. ಸಂಜೆ ಬಸ್ಸು ಹಿಂದಿರುಗುವಾಗ ಕೆಲವರ ಕಿಸೆಯಲ್ಲಿ ಮುಂಗಡದ ರಸೀದಿ ಇರುತ್ತದೆ.

ಹೋಟೆಲು ಕಾರ್ಮಿಕನಿಗೆ ಕೆರೆಯ ದಡದ ಮನೆ ಏತಕ್ಕೆ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆಯ ಮುಂದೆ ನಿಲ್ಲುವವನಿಗೆ, ಹತ್ತು ಜನ ಮಲಗುವ ಖೋಲಿಯಲ್ಲಿ ಹಾಸಿಗೆಯ ಸರದಿ ಕಾಯುವವನಿಗೆ, ಒಂದು ದಿನ ನೀರಿನ ಪಕ್ಕ ಸುಮ್ಮನೆ ಕೂರಬೇಕೆಂಬ ಆಸೆ ತಪ್ಪಲ್ಲ. ವಿಶ್ರಾಂತಿ ಶ್ರೀಮಂತರ ಸ್ವತ್ತಲ್ಲ. ನಮ್ಮ ಪ್ರಶ್ನೆ ಆಸೆಯ ಬಗೆಗಲ್ಲ. ಆ ಆಸೆಯನ್ನು ತೋರಿಸಿ ನಮಗೆ ಮಾರುತ್ತಿರುವುದಾದರೂ ಏನು ಎಂಬುದು.

ಮೊದಲು ನೀರಿನ ಮಾತು. ಇವು ಊರಿನ ಕೆರೆಗಳಲ್ಲ, ಸರಕಾರ ಕಟ್ಟಿದ ಜಲಾಶಯಗಳು. ಗೋದಾವರಿಗೆ ಅಡ್ಡಲಾಗಿ ಮಣ್ಣಿನಿಂದ ಕಟ್ಟಿದ ಗಂಗಾಪುರ ಅಣೆಕಟ್ಟು 1965ರಲ್ಲಿ ಮುಗಿಯಿತು. ನಾಸಿಕ ಪಟ್ಟಣ ಕುಡಿಯುವುದು ಅದರ ನೀರನ್ನು. ಅದೇ 1965ರ ಅಕ್ಟೋಬರಿನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಪೈಠಣದ ಬಳಿ ಜಾಯಕವಾಡಿಗೆ ಅಡಿಗಲ್ಲು ಹಾಕಿದರು. 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅದರ ಜಲಾಶಯಕ್ಕೆ ಸಂತ ಏಕನಾಥರ ನೆನಪಿನಲ್ಲಿ ನಾಥಸಾಗರವೆಂದು ಹೆಸರು. ಕೆಳಗಿನ ಜ್ಞಾನೇಶ್ವರ ಉದ್ಯಾನವನ್ನು ನಮ್ಮ ಬೃಂದಾವನದ ಮಾದರಿಯಲ್ಲಿ ಮಾಡಿದ್ದಾರೆ. ನೋಡಲು ಚೆಂದ, ಹೋಗಿ ಬನ್ನಿ. ಆದರೆ ಜಲಾಶಯದ ನೀರು ಒಂದೆಡೆ ನಿಲ್ಲುವುದಲ್ಲ. 2016ರ ಬೇಸಗೆಯಲ್ಲಿ ಮರಾಠವಾಡಾ ಬಾಯಾರಿತ್ತು, ಲಾತೂರಿಗೆ ರೈಲಿನಲ್ಲಿ ನೀರು ತಂದರು. ಆಗ ನಾಥಸಾಗರದಲ್ಲಿಯೂ ಬಳಸಲು ನೀರು ಉಳಿದಿರಲಿಲ್ಲ. ಹತ್ತು ವರ್ಷ ಮೊದಲು, 2006ರ ಆಗಸ್ಟಿನಲ್ಲಿ, ಅದೇ ಅಣೆಕಟ್ಟಿನ ಬಾಗಿಲು ತೆರೆದಾಗ ಪೈಠಣಕ್ಕೆ ನೀರು ನುಗ್ಗಿತ್ತು. ಜಾಯಕವಾಡಿಯಲ್ಲಿ ಅಕ್ಟೋಬರ್ 15ಕ್ಕೆ ಶೇಕಡಾ 65 ನೀರು ಇಲ್ಲದಿದ್ದರೆ ಮೇಲಿನ ಅಣೆಕಟ್ಟುಗಳಿಂದ ಬಿಡಬೇಕೆಂದು ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ 2014ರಲ್ಲಿ ಆದೇಶ ಮಾಡಿತು. ಎಂದರೆ ಗಂಗಾಪುರದ ನೀರೂ ನಿಮ್ಮ ಉಯ್ಯಾಲೆಗಾಗಿ ಕಾಯುವುದಿಲ್ಲ. ದಲಾಲಿ ಮಳೆಗಾಲ ಮುಗಿದೊಡನೆ ಬಸ್ಸು ಹೊರಡಿಸುತ್ತಾನೆ. ನೀವು ಮೇ ತಿಂಗಳಲ್ಲಿ ಹೋಗಿ ನೋಡಿ. ನೀರು ಎಷ್ಟು ದೂರ ಸರಿದಿದೆ ಎಂಬುದು ಕಣ್ಣಿಗೇ ಕಾಣುವುದು.

ಎರಡನೆಯದು ಜಮೀನಿನ ಮಾತು. ಅಲ್ಲಿನ ಬಹುಪಾಲು ನೆಲ ಕೃಷಿ ಜಮೀನು. ಮಹಾರಾಷ್ಟ್ರದಲ್ಲಿ ರೈತನಲ್ಲದವನು ಜಿಲ್ಲಾಧಿಕಾರಿಯ ಅಪ್ಪಣೆಯಿಲ್ಲದೆ ಸಾಮಾನ್ಯವಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ನಾಸಿಕದ ಕಡೆ 1948ರ ಗೇಣಿ ಕಾಯಿದೆಯ 63ನೆಯ ಕಲಮು ಹೀಗೆಂದು ಹೇಳುತ್ತದೆ. ಸಂಭಾಜಿನಗರದ ಕಡೆ ನಿಜಾಮರ ಸೀಮೆಯಾಗಿದ್ದುದರಿಂದ 1950ರ ಹೈದರಾಬಾದ್ ಗೇಣಿ ಕಾಯಿದೆ. ಕಲಬುರ್ಗಿ, ಬೀದರಿನ ಹಿರಿಯರಿಗೆ ಈ ಹೆಸರು ಹೊಸದಲ್ಲ. ಕರ್ನಾಟಕ 2020ರಲ್ಲಿ ತನ್ನ ಕಾಯಿದೆಯನ್ನು ಸಡಿಲಿಸಿತು. 'ನಿಮ್ಮ ಊರಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಲ್ಲ, ಇಲ್ಲಿಯೂ ಹಾಗೆಯೇ' ಎಂದು ಹೇಳುವವನನ್ನು ನಂಬಬೇಡಿ. ಊರಿನಲ್ಲಿ ನಿಮ್ಮ ಹೆಸರಿಗೆ ಗದ್ದೆ ಇದ್ದರೂ, ಆ ಪಹಣಿಯನ್ನು ಇಲ್ಲಿನ ಅಧಿಕಾರಿ ಒಪ್ಪುವರೇ ಎಂದು ದುಡ್ಡು ಕೊಡುವ ಮೊದಲೇ ಕೇಳಿರಿ.

ಇನ್ನು ಈ 'ಒಂದು ಗುಂಟೆ'ಯ ಆಟ. ಗುಂಟೆಯೆಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಕೃಷಿ ಜಮೀನನ್ನು ಚೂರು ಮಾಡಿ ಮಾರಬಾರದೆಂದು 1947ರಿಂದಲೇ ಇಲ್ಲಿ ಕಾಯಿದೆ ಇದೆ. 2023ರಲ್ಲಿ ಕನಿಷ್ಠ ಅಳತೆಯನ್ನು ನೀರಾವರಿಗೆ 10 ಗುಂಟೆ, ಒಣ ಭೂಮಿಗೆ 20 ಗುಂಟೆ ಎಂದು ಇಳಿಸಿದರು. ಆಮೇಲೆ ವಸತಿ ವಲಯಗಳಲ್ಲಿ ಇನ್ನೂ ಸಡಿಲಿಕೆ ಬಂದಿದೆ. ಅದನ್ನು ತೋರಿಸಿ ಹೊಲದ ಗುಂಟೆಯನ್ನೂ ಮಾರುವವರಿದ್ದಾರೆ. ದಲಾಲಿಯ ಉಪಾಯ ಹೀಗಿರುತ್ತದೆ: ಹತ್ತು ಗುಂಟೆಯನ್ನು ಹತ್ತು ಜನರ ಹೆಸರಿಗೆ ಒಟ್ಟಾಗಿ ಬರೆಸುವುದು, ನೆಲದ ಮೇಲೆ ಸುಣ್ಣದ ಗೆರೆ ಎಳೆದು ಇದು ನಿನ್ನದು, ಅದು ಅವನದು ಎಂದು ತೋರಿಸುವುದು. ಆದರೆ ದಾಖಲೆಯಲ್ಲಿ ಗೆರೆಯೇ ಇಲ್ಲ. ಹತ್ತು ಜನರೂ ಇಡೀ ತುಂಡಿಗೆ ಪಾಲುದಾರರು. ನಾಳೆ ಮಗಳ ಮದುವೆಗೆಂದು ಮಾರಲು ಹೊರಟರೆ ನಿಮ್ಮ ಗುಂಟೆ ಎಲ್ಲಿದೆಯೆಂದು ತೋರಿಸುವ ಕಾಗದ ನಿಮ್ಮಲ್ಲಿರುವುದಿಲ್ಲ.

ಆದುದರಿಂದ, ಮನಸ್ಸು ಮಾಡಿಯೇ ಇರುವವರು ಇಷ್ಟನ್ನಾದರೂ ನೋಡಿರಿ.

ಸಾತ್‌ಬಾರಾ ಉತಾರೆಯನ್ನು ದಲಾಲಿ ಕೊಟ್ಟದ್ದನ್ನಲ್ಲ, ನೀವೇ ತೆಗೆಸಿರಿ. ಮೊಬೈಲಿನಲ್ಲಿಯೂ ಸಿಗುತ್ತದೆ. ಮಾರುವವನ ಹೆಸರು ಅದರಲ್ಲಿ ಇರಬೇಕು. 'ಭೋಗವಟಾದಾರ ವರ್ಗ 2' ಎಂದಿದ್ದರೆ ಸರಕಾರದ ಅಪ್ಪಣೆಯಿಲ್ಲದೆ ಮಾರಾಟವಿಲ್ಲ. ಇತರ ಹಕ್ಕುಗಳ ಕಲಮಿನಲ್ಲಿ ಸಾಲ, ವ್ಯಾಜ್ಯ, ಭೂಸ್ವಾಧೀನ ಏನಿದೆಯೆಂದು ಓದಿಸಿರಿ. ಮರಾಠಿ ಓದಲು ಬಾರದಿದ್ದರೆ ನಾಚಿಕೆ ಬೇಡ, ಸಂಘಕ್ಕೆ ತನ್ನಿರಿ.

ಮನೆ ಕಟ್ಟುವ ಜಾಗವಾದರೆ ಅದು ಎನ್.ಎ., ಅಂದರೆ ಕೃಷಿಯೇತರ, ಎಂದು ದಾಖಲೆಯಲ್ಲಿ ಬಂದಿರಬೇಕು, ವಿನ್ಯಾಸ ಮಂಜೂರಾಗಿರಬೇಕು. 'ಎನ್.ಎ. ಆಗಲಿದೆ' ಎಂಬುದು ಬೆಂದಿಲ್ಲದ ಅನ್ನಕ್ಕೆ ಬಿಲ್ಲು ಮಾಡಿದ ಹಾಗೆ. ಜಾಗ ನೀಲಿ ಪ್ರವಾಹ ರೇಖೆಯ ಒಳಗೆ ಇದೆಯೇ ಎಂದು ಜಲಸಂಪತ್ತು ಇಲಾಖೆಯಲ್ಲಿ ಕೇಳಿರಿ. ಒಳಗಿದ್ದರೆ ಕಟ್ಟಲು ಬಿಡುವುದಿಲ್ಲ. ಜಾಯಕವಾಡಿಯ ಜಲಾಶಯ 1986ರಿಂದ ಪಕ್ಷಿಧಾಮವೂ ಹೌದು. ಅಲ್ಲಿ ಅರಣ್ಯ ಇಲಾಖೆಯ ಮಾತೂ ನಡೆಯುತ್ತದೆ.

500 ಚದರ ಮೀಟರಿಗಿಂತ ದೊಡ್ಡ ಜಾಗವನ್ನು ನಿವೇಶನ ಮಾಡಿ ಮಾರುವವರು ಮಹಾರೇರಾದಲ್ಲಿ ನೋಂದಾಯಿಸಬೇಕು. 2016ರ ಆ ಕಾಯಿದೆಯ ಪ್ರಕಾರ, ಕರಾರನ್ನು ನೋಂದಾಯಿಸುವ ಮೊದಲು ಶೇಕಡಾ ಹತ್ತಕ್ಕಿಂತ ಹೆಚ್ಚು ಹಣ ತೆಗೆದುಕೊಳ್ಳುವಂತಿಲ್ಲ. ನಂಬರು ಕೇಳಿರಿ. ನಂಬರು ಇಲ್ಲವೆಂದರೆ ಅವರ ಊಟ ಮಾಡಿ, ನಮಸ್ಕಾರ ಹೇಳಿ ಬಸ್ಸು ಹತ್ತಿರಿ.

ಐನೂರು ರೂಪಾಯಿ ಸ್ಟಾಂಪು ಕಾಗದ, ನೋಟರಿಯ ಮೊಹರು, ಮುಖ್ತ್ಯಾರ್‌ನಾಮೆ, ಇವುಗಳಿಂದ ಜಮೀನು ನಿಮ್ಮದಾಗುವುದಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿಯೇ ಇದನ್ನು ಖಂಡಿತವಾಗಿ ಹೇಳಿದೆ. ಸಬ್‌ರಿಜಿಸ್ಟ್ರಾರರ ಮುಂದೆ ನೋಂದಾಯಿಸಿದ ಖರೀದಿ ಪತ್ರವೊಂದೇ ಖರೀದಿ ಪತ್ರ.

ದೊಡ್ಡವರ ಯೋಜನೆಯಾದರೆ ಭಯವಿಲ್ಲ ಎಂದು ಕೆಲವರು ಹೇಳುವರು. ಪುಣೆಯ ಹತ್ತಿರ ವರಸಗಾವ್ ಜಲಾಶಯದ ದಡದಲ್ಲಿ ಲವಾಸಾ ಎಂಬ ಊರನ್ನೇ ಕಟ್ಟಲು ಹೊರಟರು. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಿತು, 2018ರಲ್ಲಿ ಕಂಪನಿ ದಿವಾಳಿ ನ್ಯಾಯಮಂಡಳಿಯ ಮುಂದೆ ನಿಂತಿತು. ಹಣ ಕೊಟ್ಟವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ಮನೆಯಿಲ್ಲದೆ ಕಾದರು. ಅವರಿಗೆ ವಕೀಲರಿದ್ದರು. ನಮಗೆ ಒಂದು ದಿನ ಕೋರ್ಟಿಗೆ ಹೋದರೆ ಆ ದಿನದ ಪಗಾರವೇ ಇಲ್ಲ.

ಮೂರನೆಯ ಮಾತು ಕಾಗದದ್ದಲ್ಲ, ಮನಸ್ಸಿನದ್ದು. ಇಗತಪುರಿ, ತ್ರ್ಯಂಬಕದ ಕಡೆ ಬಹಳಷ್ಟು ನೆಲ ಆದಿವಾಸಿಗಳದು. ಅವರ ಜಮೀನನ್ನು ಆದಿವಾಸಿಯಲ್ಲದವರು ಸರಕಾರದ ಅಪ್ಪಣೆಯಿಲ್ಲದೆ ಕೊಳ್ಳಬಾರದೆಂದು ಭೂಕಂದಾಯ ಸಂಹಿತೆ ಹೇಳುತ್ತದೆ. ಬೇರೆಯವರ ಹೆಸರು ಮುಂದಿಟ್ಟು ಕೊಡಿಸುತ್ತೇವೆ ಎನ್ನುವವರೂ ಇದ್ದಾರೆ. ಬಂಧುಗಳೇ, 1974ರ ಭೂಸುಧಾರಣೆಯಲ್ಲಿ ಗೇಣಿಯ ಗದ್ದೆ ಸ್ವಂತವಾದ ದಿನ ನಮ್ಮ ಕರಾವಳಿಯ ಎಷ್ಟು ಮನೆಗಳಲ್ಲಿ ಹಬ್ಬವಾಗಿತ್ತು! ಲಿಂಗನಮಕ್ಕಿಯಲ್ಲಿ, ಆಲಮಟ್ಟಿಯಲ್ಲಿ ಮನೆಮಠ ಮುಳುಗಿದವರ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ನಾಥಸಾಗರದ ಅಡಿಯಲ್ಲಿಯೂ ಹಾಗೆಯೇ ಹಳ್ಳಿಗಳು ಇವೆ. ಒಮ್ಮೆ ನೀರಿಗೆ ನೆಲ ಬಿಟ್ಟವನು, ಉಳಿದ ತುಂಡನ್ನು ಉಯ್ಯಾಲೆಗಾಗಿ ಬಿಡುವಂತೆ ಮಾಡುವ ವ್ಯವಹಾರದಲ್ಲಿ ದುಡಿಯುವವನ ಹಣ ಸೇರಬಾರದು.

ಕೊನೆಯದಾಗಿ ಲೆಕ್ಕ. ತಿಂಗಳಿಗೆ 18,200 ರೂಪಾಯಿ ಪಗಾರದವನು ಇಪ್ಪತ್ತು ವರ್ಷ ದುಡಿದನೆನ್ನಿ. ದಿನಕ್ಕೆ 700ರಂತೆ ವರ್ಷಕ್ಕೆ ಹದಿನೈದು ದಿನದ ಗ್ರಾಚ್ಯುಟಿ 10,500. ಇಪ್ಪತ್ತು ವರ್ಷಕ್ಕೆ 2,10,000. ಇದನ್ನು ಬ್ಯಾಂಕಿನಲ್ಲಿಟ್ಟು ಶೇಕಡಾ 7 ಬಡ್ಡಿ ಹಿಡಿದರೆ ವರ್ಷಕ್ಕೆ 14,700. ಆ ಬಡ್ಡಿಯಲ್ಲಿ ಹೆಂಡತಿ ಮಕ್ಕಳೊಡನೆ ನಾಸಿಕಕ್ಕೋ ಪೈಠಣಕ್ಕೋ ಹೋಗಿ, ಎರಡು ರಾತ್ರಿ ವಸತಿಗೃಹದಲ್ಲಿದ್ದು, ದೋಣಿ ಹತ್ತಿ ಬರಬಹುದು. ಅಸಲು ಅಲ್ಲೇ ಇರುತ್ತದೆ. ಮನೆ ಕಟ್ಟಿದರೋ, ಬೋರು, ಕರೆಂಟು, ಕಾವಲಿನವನ ಸಂಬಳ ಪ್ರತಿ ತಿಂಗಳೂ ನಿಮ್ಮ ಕೈಯಿಂದಲೇ ಹೋಗಬೇಕು. ಇಷ್ಟಾದ ಮೇಲೆ ಅಲ್ಲಿಗೆ ಹೋಗಲು ನಮಗೆ ರಜೆ ಎಲ್ಲಿದೆ? ವಾರದ ರಜೆ ಕಾಯಿದೆಯಲ್ಲಿದೆ, ಎಷ್ಟೋ ಹೋಟೆಲುಗಳ ಹಾಜರಿ ಪುಸ್ತಕದಲ್ಲಿ ಇಲ್ಲ. ಮೊದಲು ಆ ರಜೆಯನ್ನು ಗಳಿಸೋಣ. ರಜೆಯಿಲ್ಲದವನಿಗೆ ರಜೆಯ ಮನೆಯಿಂದ ಏನು ಸುಖ?

ನನ್ನ ಸೂಚನೆ ಎರಡು. ಒಂದು, ಯಾವ ಸದಸ್ಯನೂ ಕಾಗದಗಳನ್ನು ಸಂಘದಲ್ಲಿ ತೋರಿಸದೆ, ವಕೀಲರಿಂದ ಓದಿಸದೆ ಮುಂಗಡ ಕೊಡಬಾರದು. ಎರಡು, ವರ್ಷಕ್ಕೊಮ್ಮೆ ಸಂಘದ ವತಿಯಿಂದ ಸಂಸಾರ ಸಮೇತ ಪ್ರವಾಸ ಹೊರಡೋಣ. ತಿಂಗಳಿಗೆ ಇಷ್ಟೆಂದು ಎಲ್ಲರೂ ಕೂಡಿಡೋಣ. ಗಂಗಾಪುರದ ನೀರು ನೋಡಲು ಅದರ ದಡವನ್ನು ಕೊಳ್ಳಬೇಕಾಗಿಲ್ಲ.

ಈ ಎರಡು ಸೂಚನೆಗಳನ್ನು ಸಭೆ ಚರ್ಚಿಸಿ ಒಪ್ಪಬೇಕೆಂದು ಕೇಳಿಕೊಳ್ಳುತ್ತಾ, ನನ್ನ ಮಾತು ಮುಗಿಸುತ್ತೇನೆ.