ಸರ್ವರ್ ಕಾಯುವವರು ನಮ್ಮೂರಲ್ಲೂ ಬೇಕು



ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳ ವಿದ್ಯಾರ್ಥಿಗಳು ಸೇರಿರುವ ಈ ವಿಚಾರ ಸಂಕಿರಣದ ವಿಷಯ ಎಂಟರ್‌ಪ್ರೈಸ್ ಲಿನಕ್ಸ್ ಸರ್ವರ್‌ಗಳ ಸಿಸ್ಟಂ ಅಡ್ಮಿನಿಸ್ಟ್ರೇಷನ್. ಹೆಸರು ಕೇಳಿದರೆ ಇದು ಬೆಂಗಳೂರು, ಹೈದರಾಬಾದಿನ ಕಂಪನಿಗಳ ಸಂಗತಿ, ನಮಗೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ನಾಡಕಚೇರಿಯ ಕಿಟಕಿಯ ಮುಂದೆ ಒಂದು ಹೊತ್ತು ನಿಂತು ನೋಡಿ. "ಸರ್ವರ್ ಇಲ್ಲ, ನಾಳೆ ಬರ್ರಿ" ಎಂಬ ಮಾತು ಕಿವಿಗೆ ಬೀಳದೆ ಇರದು. ಪಡಿತರ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ಕಾಯುವ ಅಜ್ಜಿಗೂ ಅದೇ ಉತ್ತರ, ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಕೇಳಲು ಬಂದ ಹುಡುಗಿಗೂ ಅದೇ ಉತ್ತರ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಸುಳ್ಳು ಕೋರಿಕೆಗಳ ದಾಳಿ ನಡೆದು, ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ನೋಂದಣಿಯೇ ಕುಂಟಿತು. ಯಾವ ಸರ್ವರ್, ಎಲ್ಲಿದೆ, ಅದಕ್ಕೇನಾಯಿತು ಎಂದು ಸಾಲಿನಲ್ಲಿ ನಿಂತವರು ಯಾರೂ ಕೇಳುವುದಿಲ್ಲ. ಹಣೆಬರಹ ಎಂದುಕೊಂಡು, ದಿನಗೂಲಿ ಕಳೆದುಕೊಂಡು, ಬಸ್ಸು ಹತ್ತುತ್ತಾರೆ.

ಅದು ಹಣೆಬರಹ ಅಲ್ಲ ಎಂಬುದೇ ಇವತ್ತು ನಾನು ಹೇಳಬೇಕಾದ ಮಾತು. ಸರ್ವರ್ ನಿಲ್ಲುವುದಕ್ಕೆ ಕಾರಣ ಇದ್ದೇ ಇರುತ್ತದೆ. ಡಿಸ್ಕ್ ತುಂಬಿರುತ್ತದೆ. ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿದಿರುತ್ತದೆ. ಪರೀಕ್ಷಿಸದೆ ಹಾಕಿದ ಅಪ್‌ಡೇಟ್ ಇರುತ್ತದೆ. ಇಷ್ಟು ಜನ ಒಮ್ಮೆಲೇ ಬರುತ್ತಾರೆಂದು ಯಾರೂ ಲೆಕ್ಕ ಹಾಕಿರುವುದಿಲ್ಲ. ಇವುಗಳಲ್ಲಿ ಪ್ರತಿಯೊಂದೂ ಒಬ್ಬರು ಮಾಡಬೇಕಾಗಿದ್ದ, ಮಾಡದೆ ಉಳಿದ ಕೆಲಸ. ಆ ಕೆಲಸವನ್ನು ಕಲಿಯಬಹುದು, ಇಲ್ಲೇ ಕಲಿಯಬಹುದು. ಸಾಲಿನಲ್ಲಿ ನಿಲ್ಲುವ ಕಷ್ಟ ಗೊತ್ತಿರುವ ಮಕ್ಕಳೇ ಅದನ್ನು ಕಲಿತರೆ ಇನ್ನೂ ಚೆನ್ನಾಗಿ ಮಾಡುತ್ತಾರೆಂದು ನಾನು ನಂಬಿದ್ದೇನೆ.

ಬಸವಕಲ್ಯಾಣಕ್ಕೂ ದಾಖಲೆಗಳಿಗೂ ಹಳೆಯ ನಂಟಿದೆ. ಹನ್ನೊಂದನೆಯ ಶತಮಾನದಲ್ಲಿ, ಆಗ ಕಲ್ಯಾಣ ಎನಿಸಿದ್ದ ಈ ಊರು ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇಲ್ಲಿನ ಆಸ್ಥಾನದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ದಾಯಭಾಗ ಎಂಬ ಇನ್ನೊಂದು ಪದ್ಧತಿ ನಡೆಯುತ್ತಿದ್ದ ಬಂಗಾಳದ ಕಡೆ ಬಿಟ್ಟರೆ, ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಶತಮಾನಗಳ ಕಾಲ ಆ ಗ್ರಂಥದ ಮೇಲೆ ನಿಂತಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಮಿತಾಕ್ಷರದ ಹೆಸರಿದೆ. ಅಪ್ಪ ತೀರಿಕೊಂಡ ಮೇಲೆ ಮಗ, ಮಗಳು ಹೊಲಕ್ಕೆ ಫೌತಿ ಖಾತೆ ಮಾಡಿಸಲು ಹೋದಾಗ ಆ ಹಕ್ಕಿನ ಬೇರು ಕಲ್ಯಾಣದ ಆ ಪುಸ್ತಕದವರೆಗೆ ಹೋಗುತ್ತದೆ. ಹಕ್ಕನ್ನು ದಾಖಲಿಸುವ ಪಹಣಿ ಮಾತ್ರ ಈಗ ಕಂಪ್ಯೂಟರಿನಲ್ಲಿದೆ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಮೊದಲು ತಾಲ್ಲೂಕು ಕಚೇರಿಗೊಂದು ಸರ್ವರ್ ಇತ್ತು, ಆಮೇಲೆ ಎಲ್ಲವೂ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಹೋಯಿತು. ಇಂಥ ಯಂತ್ರದ, ಏನು ಬೇಕಾದರೂ ಮಾಡಲು ಬಿಡುವ ರೂಟ್ ಪಾಸ್‌ವರ್ಡ್ ಹಿಡಿದವನ ಕೈಯಲ್ಲಿ ಎಷ್ಟು ಮನೆಗಳ ಹೊಲ ಇದೆ ಎಂದು ಯೋಚಿಸಿ. ಈ ವಿದ್ಯೆಯನ್ನು ಬರೀ ನೌಕರಿಯ ವಿದ್ಯೆ ಎಂದು ನಾನು ಕರೆಯಲಾರೆ.

ಇನ್ನು ಕಲಿಯುವ ಬಗೆ. ಹುಮನಾಬಾದಿನಲ್ಲಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಪುಣೆಯಿಂದ ಹೊರಟು ಹೈದರಾಬಾದ್ ದಾಟಿ ಮಚಲಿಪಟ್ಟಣಕ್ಕೆ ಹೋಗುತ್ತದೆ. ನಮ್ಮ ಮಕ್ಕಳು ಈ ರಸ್ತೆ ಹಿಡಿದು ಹೈದರಾಬಾದಿನ ಅಮೀರ್‌ಪೇಟೆಗೆ ಹೋಗಿ ಲಿನಕ್ಸ್ ಕೋಚಿಂಗ್ ಸೇರುತ್ತಾರೆ. ಅದೇ ರಸ್ತೆಯ ಇನ್ನೊಂದು ತುದಿಯ ಪುಣೆಯಲ್ಲಿ ಎಂಟರ್‌ಪ್ರೈಸ್ ಲಿನಕ್ಸ್ ತಯಾರಿಸುವ ರೆಡ್ ಹ್ಯಾಟ್ ಕಂಪನಿಯ ಎಂಜಿನಿಯರಿಂಗ್ ಕಚೇರಿ ಇದೆ. ಅಮೀರ್‌ಪೇಟೆಯಲ್ಲಿ ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ-ಉತ್ತರ ಬಾಯಿಪಾಠ ಮಾಡಿಸುವ ನೋಟ್ಸಿನ ವ್ಯಾಪಾರವೂ ಜೊತೆಗೇ ಬೆಳೆದಿದೆ. ಬಡ ತಂದೆತಾಯಿಯ ದುಡ್ಡು ಅದಕ್ಕೆ ಹೋಗುವುದನ್ನು ಕಂಡರೆ ಸಂಕಟವಾಗುತ್ತದೆ. ಯಾಕೆಂದರೆ ರೆಡ್ ಹ್ಯಾಟಿನ ಮೊದಲ ಪ್ರಮಾಣಪತ್ರ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಯೇ ಇಲ್ಲ. ಯಂತ್ರ ಕೊಡುತ್ತಾರೆ, ಮಾಡಬೇಕಾದ ಕೆಲಸ ಹೇಳುತ್ತಾರೆ. ಇಂಟರ್ನೆಟ್ ಇರುವುದಿಲ್ಲ, ಯಂತ್ರದೊಳಗಿನ ಮ್ಯಾನ್ ಪುಟ ಮೊದಲಾದ ಸಹಾಯ ಕಡತಗಳಷ್ಟೇ ಆಸರೆ. ಎಲ್ಲಕ್ಕಿಂತ ಮುಖ್ಯವಾದ ಷರತ್ತು, ಮಾಡಿದ ಕೆಲಸ ಯಂತ್ರ ರೀಬೂಟ್ ಆದ ಮೇಲೂ ನಿಂತಿರಬೇಕು. ಡಿಸ್ಕ್‌ಗಳನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲು ತಪ್ಪಾಗಿ ಬರೆದರೆ ಯಂತ್ರ ಪೂರ್ತಿ ಏಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಇಂಥ ಪರೀಕ್ಷೆಯನ್ನು ಬಾಯಿಪಾಠದಿಂದ ಯಾರು ಗೆದ್ದಾರು?

ಇದನ್ನು ಹೇಗೆ ಕಲಿಯಬೇಕು ಎಂಬುದಕ್ಕೆ ಮಾದರಿ ದೂರದಲ್ಲೇನೂ ಇಲ್ಲ. ಬಸವಕಲ್ಯಾಣದ ಆಟೋ ನಗರಕ್ಕೆ ಹೋಗಿ. ಅಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲು ಪಾನಾ ಕೊಡುತ್ತಾನೆ, ಆಮೇಲೆ ನಟ್ಟು ಬಿಚ್ಚುತ್ತಾನೆ, ಉಸ್ತಾದ್ ಎಂಜಿನ್ನಿಗೆ ಕಿವಿಯಿಟ್ಟು ಏನು ಕೇಳುತ್ತಾನೆಂದು ನೋಡುತ್ತಾನೆ. ಕೆಲವು ವರ್ಷಗಳಲ್ಲಿ ಲಾರಿ ಗೇಟಿಗೆ ಬರುವಾಗಲೇ ಸದ್ದಿನಿಂದ ದೋಷ ಹೇಳುತ್ತಾನೆ. ಸರ್ವರ್ ಕೆಲಸವೂ ಹೀಗೆಯೇ ಕೈಗೆ ಬರುವ ಕೆಲಸ, ಬಿಚ್ಚಿ ಜೋಡಿಸಿದವನಿಗೇ ಒಲಿಯುವ ಕೆಲಸ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಸರ್ವರ್ ನಿಂತಿದೆ. ಡಿಎಫ್ ಎಂಬ ಆದೇಶ ಕೊಟ್ಟರೆ ಡಿಸ್ಕ್ ನೂರಕ್ಕೆ ನೂರು ತುಂಬಿದೆ ಎನ್ನುತ್ತದೆ. ಹೊಸಬ ಒಂದು ದೊಡ್ಡ ಲಾಗ್ ಕಡತ ಹುಡುಕಿ ಅಳಿಸುತ್ತಾನೆ. ಡಿಎಫ್ ಈಗಲೂ ನೂರೇ ತೋರಿಸುತ್ತದೆ! ಡಿಯು ಎಂಬ ಇನ್ನೊಂದು ಆದೇಶದಿಂದ ಕಡತಗಳ ಗಾತ್ರ ಕೂಡಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಎರಡರಲ್ಲಿ ಯಾವುದು ಸುಳ್ಳು? ಎರಡೂ ನಿಜ. ಲಿನಕ್ಸ್‌ನಲ್ಲಿ ಕಡತ ಅಳಿಸುವುದೆಂದರೆ ಅದರ ಹೆಸರು ತೆಗೆಯುವುದು ಮಾತ್ರ. ಆ ಕಡತವನ್ನು ತೆರೆದು ಬರೆಯುತ್ತಿರುವ ಪ್ರೋಗ್ರಾಂ ಅದನ್ನು ಬಿಡುವವರೆಗೆ ಜಾಗ ಖಾಲಿಯಾಗುವುದಿಲ್ಲ. ಎಲ್‌ಎಸ್‌ಓಎಫ್ ಆದೇಶದಿಂದ ಆ ಪ್ರೋಗ್ರಾಂ ಯಾವುದೆಂದು ಪತ್ತೆಹಚ್ಚಿ, ಆ ಸೇವೆಯನ್ನು ಮತ್ತೆ ಶುರು ಮಾಡಿದರೆ ಜಾಗ ವಾಪಸ್ ಬರುತ್ತದೆ. ಇದು ಗೊತ್ತಿಲ್ಲದವನು ಗಾಬರಿಯಲ್ಲಿ ಇನ್ನಷ್ಟು ಅಳಿಸುತ್ತಾ ಹೋಗುತ್ತಾನೆ, ಕೊನೆಗೆ ಅಳಿಸಬಾರದ್ದನ್ನೂ ಅಳಿಸುತ್ತಾನೆ. ಇದನ್ನು ಮೊದಲ ಸಲ ಕಾಣುವ ಜಾಗ ಕಾಲೇಜಿನ ಲ್ಯಾಬ್ ಆಗಿರಬೇಕು. ಪಹಣಿ ಇರುವ ಸರ್ವರ್ ಆಗಿರಬಾರದು.

ಇನ್ನೊಂದು, ಎಸ್‌ಇಲಿನಕ್ಸ್. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಹುಟ್ಟಿ, 2005ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 4ರಲ್ಲಿ ಸೇರಿದ ಕಾವಲು ವ್ಯವಸ್ಥೆ ಅದು. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಒಂದು ವೆಬ್ ಪುಟ ಬರೆದು, ಎಂವಿ ಆದೇಶದಿಂದ ವೆಬ್ ಸರ್ವರಿನ ಡೈರೆಕ್ಟರಿಗೆ ಸಾಗಿಸಿ. ಪರ್ಮಿಷನ್ ಎಲ್ಲ ಸರಿ ಇದ್ದರೂ ಬ್ರೌಸರ್ 403 ದೋಷ ತೋರಿಸುತ್ತದೆ. ಕಡತ ತನ್ನ ಹಳೆಯ ಮನೆಯ ಗುರುತುಚೀಟಿ ಹೊತ್ತುಕೊಂಡೇ ಬಂದಿರುತ್ತದೆ, ಕಾವಲುಗಾರ ಒಳಗೆ ಬಿಡುವುದಿಲ್ಲ. ರಿಸ್ಟೋರ್‌ಕಾನ್ ಎಂಬ ಒಂದೇ ಆದೇಶ ಸಾಕು, ಗುರುತು ಸರಿಹೋಗುತ್ತದೆ. ಆದರೆ ಎಷ್ಟೋ ಕಡೆ ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಕೈ ತೊಳೆದುಕೊಳ್ಳುತ್ತಾರೆ, ಹಾಗೆ ಮಾಡಿರೆಂದು ಕಲಿಸುವವರೂ ಇದ್ದಾರೆ. ಅರ್ಥವಾಗದ ಕಾವಲನ್ನು ತೆಗೆದುಹಾಕುವುದು ಈ ವೃತ್ತಿಯಲ್ಲಿ ಕ್ಷಮಿಸಬಾರದ ಅಭ್ಯಾಸ. ಅಧ್ಯಾಪಕರಲ್ಲಿ ನನ್ನ ವಿನಂತಿ: ದಯವಿಟ್ಟು ಅದನ್ನು ಲ್ಯಾಬಿನಲ್ಲಿ ಮೊದಲ ದಿನವೇ ನಿಲ್ಲಿಸಿ.

ಕಾವಲಿನಷ್ಟೇ ಮುಖ್ಯವಾದದ್ದು ಗಮನ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಗಮನಿಸಿದರು. ಅರ್ಧ ಸೆಕೆಂಡ್ ಎಂದರೆ ಬಹಳ ಜನ ಲೆಕ್ಕಕ್ಕೇ ಇಡುವುದಿಲ್ಲ. ಅವರು ಬಿಡದೆ ಅದರ ಜಾಡು ಹಿಡಿದು ಹೋದಾಗ, ಎಕ್ಸ್‌ಝಡ್ ಎಂಬ ಸಾಮಾನ್ಯ ಕಂಪ್ರೆಷನ್ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಅದು ಎಂಟರ್‌ಪ್ರೈಸ್ ಸರ್ವರ್‌ಗಳನ್ನು ಮುಟ್ಟುವ ಮೊದಲೇ ಸಿಕ್ಕಿಬಿತ್ತು. ಆ ಗಮನ ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ. ದಿನವೂ ಯಂತ್ರದ ಜೊತೆ ಕೂತವರಿಗೆ ಅದರ ಸಹಜ ನಡೆ ಗೊತ್ತಿರುತ್ತದೆ, ಆದ್ದರಿಂದ ಅಸಹಜವೂ ಗೊತ್ತಾಗುತ್ತದೆ.

ಖರ್ಚಿನ ಚಿಂತೆ ಬೇಡ. ರೆಡ್ ಹ್ಯಾಟ್ 2021ರಿಂದ ತನ್ನ ಎಂಟರ್‌ಪ್ರೈಸ್ ಲಿನಕ್ಸನ್ನು ಡೆವಲಪರ್ ಚಂದಾದಡಿ ಒಬ್ಬ ವ್ಯಕ್ತಿಗೆ 16 ಯಂತ್ರಗಳವರೆಗೆ ಉಚಿತವಾಗಿ ಕೊಡುತ್ತಿದೆ. ಹಳೆಯ ಉಚಿತ ಲಿನಕ್ಸ್ ಆದ ಸೆಂಟ್‌ಓಎಸ್ 7ರ ಕಾಲ 2024ರ ಜೂನ್ 30ಕ್ಕೆ ಮುಗಿದಿದೆ. ಇನ್ನೂ ಅದರ ಮೇಲೇ ಪಾಠ ಮಾಡುವ ಲ್ಯಾಬ್‌ಗಳಿದ್ದರೆ ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸಿಗೆ ಬನ್ನಿ, ಎರಡೂ ಉಚಿತ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಒಂದು ವಿಷಯ ನೆನಪಿಡಬೇಕು. 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10, ಇಂಟೆಲ್‌ನ 2013ರ ಹ್ಯಾಸ್‌ವೆಲ್ ಪೀಳಿಗೆಗಿಂತ ಹಳೆಯ ಪ್ರೊಸೆಸರ್‌ಗಳ ಮೇಲೆ ಓಡುವುದಿಲ್ಲ. ಅಂಥ ಯಂತ್ರಗಳಿಗೆ ಆಲ್ಮಾ 10ರ ಪ್ರತ್ಯೇಕ ಆವೃತ್ತಿ ಇದೆ, ಇಲ್ಲವೆ 9ನೆಯ ಆವೃತ್ತಿಯಲ್ಲೇ ಕಲಿಯಬಹುದು. ಇನ್ನು, ಕರೆಂಟ್ ಹೋಗಿ ಬರುವ ನಮ್ಮ ಊರುಗಳಲ್ಲಿ ಈ ಲಿನಕ್ಸ್‌ಗಳ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ತನ್ನ ಜರ್ನಲ್ ಓದಿಕೊಂಡು ತಾನೇ ಚೇತರಿಸಿಕೊಳ್ಳುತ್ತದೆ, ನಿಜ. ಹಾಗೆಂದು ಬ್ಯಾಕಪ್ ಬಿಡಬೇಡಿ. ತೆಗೆದ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಹಾಕಿ ನೋಡದೆ ಅದನ್ನು ಬ್ಯಾಕಪ್ ಎಂದು ಕರೆಯಲೂಬೇಡಿ.

ಭಾಷೆಯ ಅಳುಕು ಹಲವರಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದವನು ಕಪ್ಪು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳಿಗೆ ಹೆದರುತ್ತಾನೆ. ಆದೇಶಗಳು ಹಾಗೇ ಇರಲಿ, ಅವು ಜಗತ್ತಿಗೆಲ್ಲ ಒಂದೇ. ಎರರ್ ಸಂದೇಶವೂ ಇಂಗ್ಲಿಷಿನಲ್ಲೇ ಇರಲಿ, ಹುಡುಕಲು ಅನುಕೂಲ. ಆದರೆ ಅದು ಯಾಕೆ ಬಂತು, ಹೇಗೆ ಬಿಡಿಸಬೇಕು ಎಂಬುದನ್ನು ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಬರೆದಿಡಿ. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ನಮ್ಮ ಮಾತಿನಲ್ಲೇ ಹೇಳಿದರೂ ಸರಿ. ತನ್ನ ಮಾತಿನಲ್ಲಿ ವಿವರಿಸಲು ಬಾರದ್ದನ್ನು ನಡುರಾತ್ರಿ ಸರ್ವರ್ ಬಿದ್ದಾಗ ಯಾರೂ ಸರಿಮಾಡಲಾರರು.

ಕೊನೆಯಲ್ಲಿ ಎರಡು ಕೋರಿಕೆ. ಪ್ರಾಚಾರ್ಯರು ತಮ್ಮ ಕಾಲೇಜಿನ ಲ್ಯಾಬಿನಲ್ಲಿ ಒಂದೆರಡು ಯಂತ್ರಗಳನ್ನು ವಿದ್ಯಾರ್ಥಿಗಳ ಕೈಗೇ ಬಿಡಬೇಕು, ರೂಟ್ ಪಾಸ್‌ವರ್ಡ್ ಸಮೇತ. ಅವು ಕೆಟ್ಟರೆ ಬೈಯಬಾರದು, ಕೆಡುವುದಕ್ಕೇ ಅವು ಇರುವುದು. ಸಂಜೆ ಬಸ್ಸಿನವರೆಗೆ ಲ್ಯಾಬಿನ ಬಾಗಿಲು ತೆರೆದಿರಲಿ. ವಿದ್ಯಾರ್ಥಿ ಮಿತ್ರರೆ, ಈ ಸಂಕಿರಣ ಮುಗಿಯುವುದರೊಳಗೆ ನಿಮ್ಮ ಕೈಯಾರೆ ಒಂದು ಸರ್ವರ್ ಕಟ್ಟಿ, ಅದನ್ನು ಬೀಳಿಸಿ, ಮತ್ತೆ ಎಬ್ಬಿಸಿ, ಎಬ್ಬಿಸಿದ ಬಗೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಕ್ಕದಲ್ಲಿ ಕೂತವರಿಗೆ ಓದಲು ಕೊಡಿ.