ಅಮೆರಿಕದ ರಾಜಕಾರಣ ನಮಗೇಕೆ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಇಲ್ಲಿಯ ವಿದ್ವಾಂಸರು ಉಪನ್ಯಾಸ, ಚರ್ಚಾಕೂಟಗಳಲ್ಲಿ ಸೇರುತ್ತಾರೆ. ಆ ಸುದ್ದಿ ಕಾಲೇಜಿನ ಗೇಟು ದಾಟಿ ಕೆಲಸಗಾರರ ಚಾಳಿಗೆ ಬರುವುದು ಅಪರೂಪ. ಹೊಟ್ಟೆಪಾಡಿನವರಿಗೆ ಅದರ ಗೊಡವೆ ಏಕೆಂದು ನಮ್ಮಲ್ಲೇ ಕೆಲವರು ಕೇಳುವುದುಂಟು.

ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲರ ಮೊದಲ ಬಟ್ಟೆ ಗಿರಣಿ ಶುರುವಾದುದು 1861ರಲ್ಲಿ. ಅದೇ ವರ್ಷ ಗುಲಾಮಗಿರಿಯ ಪ್ರಶ್ನೆಯಿಂದ ಅಮೆರಿಕದ ಉತ್ತರ ದಕ್ಷಿಣಗಳ ನಡುವೆ ಯುದ್ಧ ಹತ್ತಿತು. ದಕ್ಷಿಣದ ಬಂದರುಗಳಿಗೆ ತಡೆ ಬಿದ್ದು ಲ್ಯಾಂಕಷೈರಿಗೆ ಹೋಗುವ ಹತ್ತಿ ನಿಂತಿತು. ಗುಜರಾತಿನ ಹತ್ತಿಗೂ ನಮ್ಮ ಧಾರವಾಡದ ಹತ್ತಿಗೂ ಎಲ್ಲಿಲ್ಲದ ಬೆಲೆ ಬಂತು. (ಧಾರವಾಡ ಸೀಮೆಯಲ್ಲಿ 1840ರ ದಶಕದಿಂದ ಬಿತ್ತುತ್ತಿದ್ದ ಬೀಜವೂ ಅಮೆರಿಕದ್ದೇ, ಪೇಟೆಯಲ್ಲಿ ಅದಕ್ಕೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರು.) 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲದ ಮೇಲೆ ಬಿತ್ತಿದ್ದವರು ಮುಳುಗಿದರು.

ಲ್ಯಾಂಕಷೈರಿನ ಗಿರಣಿ ಕೆಲಸಗಾರರ ಪಾಡೂ ಕಷ್ಟದ್ದೇ. ಭಾರತದ ಹತ್ತಿಗೆಲ್ಲ ಅವರು ‘ಸೂರತ್’ ಎನ್ನುತ್ತಿದ್ದರು. ಅದರ ಎಳೆ ಗಿಡ್ಡ. ನೂಲು ಕಡಿಯುವುದು, ಕೂಲಿ ಇಳಿಯುವುದು. ಕೆಲಸವೇ ಇಲ್ಲದವರು ಲಕ್ಷಗಟ್ಟಲೆ. ಆದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಸೇರಿ ಗುಲಾಮರ ಬಿಡುಗಡೆಯನ್ನು ಬೆಂಬಲಿಸಿ ಅಧ್ಯಕ್ಷ ಲಿಂಕನ್ನರಿಗೆ ಪತ್ರ ಕಳಿಸಿದರು. ಮುಂದಿನ ತಿಂಗಳೇ ಲಿಂಕನ್ನರು ಉತ್ತರ ಬರೆದರು. ಅವರೇನು ಪ್ರೊಫೆಸರರೆ?

ಈಗ ನಿಜವಾದ ಸೂರತ್ತಿಗೆ ಬರೋಣ. 2025ರ ಆಗಸ್ಟ್ 27ರಂದು ಭಾರತದ ಹಲವು ಸರಕುಗಳ ಮೇಲೆ ಅಮೆರಿಕದ ಸುಂಕ ನೂರಕ್ಕೆ 50 ಆಯಿತು. ವಜ್ರಕ್ಕೆ ಸಾಣೆ ಹಿಡಿಯುವವರಲ್ಲಿ ಬಹುಮಂದಿಗೆ ಹರಳಿನ ಲೆಕ್ಕದಲ್ಲಿ ಕೂಲಿ. ಬೇಡಿಕೆ ತಗ್ಗಿದರೆ ಮೊದಲು ತಗ್ಗುವುದು ಅವರ ಅನ್ನ. ಆ ದೇಶದ ಸಂವಿಧಾನ ಸುಂಕದ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್ಸಿಗೆ. (ಅಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, ಸಂಸತ್ತು.) ಅಧ್ಯಕ್ಷ ಟ್ರಂಪ್ 1977ರ ತುರ್ತು ಅಧಿಕಾರದ ಕಾನೂನನ್ನು ಮುಂದೊಡ್ಡಿದರು. ಇದು ಸಲ್ಲದೆಂದು ವ್ಯಾಪಾರಿಗಳು ಕೋರ್ಟಿಗೆ ಹೋದರು. 2025ರ ನವೆಂಬರ್ 5ರಂದು ಅಲ್ಲಿಯ ಸುಪ್ರೀಂ ಕೋರ್ಟು ವಾದ ಕೇಳಿತು. ಆ ವಾದದ ಬಿಸಿ ವರಾಛಾದ ಸಾಣೆಯವನಿಗೆ ತಟ್ಟಿದಷ್ಟು ಯಾವ ವಿದ್ವಾಂಸನಿಗೂ ತಟ್ಟಿರಲಾರದು.

ವಿದ್ಯೆ ಬೇಡವೆಂದು ನಾವು ಹೇಳುತ್ತಿಲ್ಲ. 1913ರಲ್ಲಿ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದುದು ವಡೋದರಾ ಸಂಸ್ಥಾನದ ವಿದ್ಯಾರ್ಥಿವೇತನದಿಂದಲೇ. ಅಮೆರಿಕದ ಮೈರನ್ ವೀನರ್ ಇಲ್ಲಿಯ ಖೇಡಾ ಜಿಲ್ಲೆಯನ್ನೂ ನಮ್ಮ ಬೆಳಗಾವಿಯನ್ನೂ ಅಭ್ಯಾಸ ಮಾಡಿ ಕಾಂಗ್ರೆಸ್ ಪಕ್ಷದ ಮೇಲೆ 1967ರಲ್ಲಿ ಗ್ರಂಥ ಪ್ರಕಟಿಸಿದರು. ಅವರು ನಮ್ಮನ್ನು ಇಷ್ಟು ನೋಡಿದ ಮೇಲೆ ನಾವು ಅವರನ್ನು ನೋಡಬಾರದೆ?

ಆದುದರಿಂದ ಮೂರೂ ನಗರಗಳ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇವೆ: ನಿಮ್ಮ ಚರ್ಚಾಕೂಟ ಮುಗಿದ ಮೇಲೆ ಒಂದು ಭಾನುವಾರ ಸಂಜೆ ನಮ್ಮಲ್ಲಿಗೂ ಬನ್ನಿ. ಗುಜರಾತಿಯಲ್ಲೋ ಹಿಂದಿಯಲ್ಲೋ ಹೇಳಿ. ಕನ್ನಡಕ್ಕೆ ತಿರುಗಿಸಲು ನಮ್ಮ ಹುಡುಗರಿದ್ದಾರೆ. ಪ್ರಶ್ನೆಗಳಿಗೆ ಮಾತ್ರ ಹೆಚ್ಚು ಹೊತ್ತು ಇಟ್ಟುಕೊಂಡು ಬನ್ನಿ.