777 ಎಂಬ ಮದ್ದು ಬೇಡ

ರಾಜ್ಯೋತ್ಸವ ಹತ್ತಿರವಾದಂತೆ ಹೊರನಾಡಿನ ಕನ್ನಡ ಸಂಘಗಳಲ್ಲಿ ಕಂಪ್ಯೂಟರ್ ಬಲ್ಲವರೊಬ್ಬರ ತಲೆಗೆ ಒಂದು ಕೆಲಸ ಬಂದು ಬೀಳುತ್ತದೆ: ಸದಸ್ಯರು ಹೆಸರು ನೋಂದಾಯಿಸಲು ವೆಬ್ ಪುಟ. ಅವರು ನೀವೇ ಎಂದುಕೊಳ್ಳಿ. ಮನೆಯ ಉಬುಂಟು ಕಂಪ್ಯೂಟರಿನಲ್ಲಿ ಅಪಾಚೆ ಸರ್ವರ್ ಹಾಕಿದಿರಿ, ಪೈಥಾನಿನಲ್ಲಿ ಪುಟ್ಟ ಸಿಜಿಐ ಸ್ಕ್ರಿಪ್ಟ್ ಬರೆದಿರಿ. ಬ್ರೌಸರಿನಲ್ಲಿ ತೆರೆದರೆ ಸಿಕ್ಕ ಉತ್ತರ, '403, ಪ್ರವೇಶವಿಲ್ಲ'.

"777 ಕೊಟ್ಟುಬಿಡಿ, ಸರಿಹೋಗುತ್ತೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೊಡಬೇಡಿ.

ಈ ಅಂಕಿಗಳ ಲೆಕ್ಕ ಸುಲಭ. ಓದಲು 4, ಬರೆಯಲು 2, ನಡೆಸಲು 1. ಮೊದಲ ಅಂಕಿ ಕಡತದ ಒಡೆಯರಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. 777 ಎಂದರೆ ಆ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ನಿಮ್ಮ ಸ್ಕ್ರಿಪ್ಟನ್ನು ತಿದ್ದಬಹುದು. ಮನೆಯಲ್ಲಿ ಇದು ದೊಡ್ಡದೆನಿಸದು. ಅದೇ ಕಡತ ನಾಳೆ ಹಲವರು ಹಂಚಿಕೊಂಡ ಬಾಡಿಗೆ ಸರ್ವರಿಗೆ ಹೋದರೆ, ನಿಮ್ಮನ್ನು ನಂಬಿ ಸದಸ್ಯರು ಕೊಟ್ಟ ಫೋನ್ ನಂಬರು, ವಿಳಾಸಗಳ ಗತಿಯೇನು? ತಮಾಷೆಯೆಂದರೆ, ಸುಎಕ್ಸೆಕ್ ಎಂಬ ಕಾವಲು ವ್ಯವಸ್ಥೆ ಇರುವ ಕಡೆ 777 ಕೊಟ್ಟ ಸ್ಕ್ರಿಪ್ಟ್ ಓಡುವುದೇ ಇಲ್ಲ!

ಹಾಗಾದರೆ ತಪ್ಪು ಹುಡುಕುವುದು ಹೇಗೆ? ಮೊದಲು ಅಪಾಚೆಯ ಎರರ್ ಲಾಗ್‌ನ ಕೊನೆಯ ಸಾಲು ಓದಿ. ಬ್ರೌಸರ್ ಬಾಯಿಬಿಡದ ಕಾರಣ ಅಲ್ಲಿರುತ್ತದೆ.

ದಾರಿಯಲ್ಲಿ ಎಲ್ಲೋ ಹಾದುಹೋಗುವ ಅನುಮತಿ ಇಲ್ಲ ಎಂದು ಅದು ಹೇಳಿದರೆ, ದೋಷ ಕಡತದ್ದಲ್ಲ, ಫೋಲ್ಡರಿನದ್ದು. ಉಬುಂಟುವಿನಲ್ಲಿ ಅಪಾಚೆ ನಿಮ್ಮ ಹೆಸರಿನಲ್ಲಿ ಓಡುವುದಿಲ್ಲ. 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ವಠಾರದ ಹೆಬ್ಬಾಗಿಲಿಗೇ ಬೀಗವಿದ್ದರೆ ಒಳಮನೆಯ ಬಾಗಿಲು ತೆರೆದಿದ್ದು ಏನು ಫಲ? 2021ರ ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರುಗಳಿಗೆ 750 ಅನುಮತಿ. ಅಂದರೆ ಹೊರಗಿನವರಿಗೆ ಸೊನ್ನೆ. ಎನ್, ಎ, ಎಂ, ಇ, ಐ ಎಂಬ ಐದಕ್ಷರದ ಆದೇಶಕ್ಕೆ 'ಮೈನಸ್ ಎಲ್' ಸೇರಿಸಿ ಕಡತದ ಪೂರ್ತಿ ದಾರಿ ಕೊಡಿ. ಯಾವ ಬಾಗಿಲು ಮುಚ್ಚಿದೆ ಎಂದು ಒಂದೊಂದಾಗಿ ಕಾಣುತ್ತದೆ. ಹೋಮ್ ಫೋಲ್ಡರ್ ತೆರೆಯಬೇಡಿ; ಸ್ಕ್ರಿಪ್ಟನ್ನು ಸರ್ವರಿನ ಸಿಜಿಐ ಫೋಲ್ಡರಿಗೆ ಸಾಗಿಸಿ.

ಬಾಗಿಲುಗಳೆಲ್ಲ ಸರಿಯಿದ್ದರೆ ಸಿಜಿಐ ಸ್ಕ್ರಿಪ್ಟಿಗೆ, ಫೋಲ್ಡರಿಗೆ 755 ಕೊಡಿ. ಸಾಮಾನ್ಯ ಪುಟ, ಚಿತ್ರಗಳಿಗೆ 644 ಸಾಕು. ಹೆಸರುಗಳು ದಾಖಲಾಗುವ ಒಂದೇ ಫೋಲ್ಡರಿನ ಒಡೆತನವನ್ನು ಸರ್ವರಿನ ಬಳಕೆದಾರನಿಗೆ ಬಿಡಿ. ಆ ಫೋಲ್ಡರ್ ವೆಬ್ ಪುಟಗಳ ಜಾಗದಿಂದ ಹೊರಗಿರಲಿ.

ಅನುಮತಿ ಸರಿಯಿದ್ದೂ '500' ಬಂದರೆ? ಕಡತ ವಿಂಡೋಸಿನಿಂದ ಬಂದದ್ದೇ ನೋಡಿ. ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದಿದ್ದರೆ, ಕಡತ ಎದುರಿಗಿದ್ದರೂ 'ಇಲ್ಲ' ಎನ್ನುತ್ತದೆ ಲಾಗ್. ಯುನಿಕ್ಸ್ ಸಾಲುಗಳಾಗಿ ಮತ್ತೆ ಉಳಿಸಿದರೆ ಮುಗಿಯಿತು.

ಬಾಗಿಲು ತೆರೆಯದಿದ್ದರೆ ಕೀಲಿ ಹುಡುಕೋಣ; ಬಾಗಿಲನ್ನೇ ಕಿತ್ತಿಡುವುದು ಬೇಡ. ಪುಟ ಅರ್ಧ ಗಂಟೆ ತಡವಾದರೂ ಸದಸ್ಯರು ಕ್ಷಮಿಸುತ್ತಾರೆ. ಅವರ ವಿವರ ಬೀದಿಗೆ ಬಿದ್ದರೆ ಕ್ಷಮಿಸಲಾರರು.